ಮಕ್ಕಳ ಕೈಯಲ್ಲಿ ಮೊಬೈಲು: ಪಾಲಕರು ವಹಿಸಬೇಕಾದ ಎಚ್ಚರ



ಪಶುವೈದ್ಯನಿಗೂ ಮೊಬೈಲಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಮಾನ್ವಿ ತಾಲ್ಲೂಕಿನ ಒಂದು ಹಳ್ಳಿಗೆ ಕೆಚ್ಚಲು ಬಾವು ಆದ ಎಮ್ಮೆಯನ್ನು ನೋಡಲು ಹೋಗಿದ್ದೆ. ಔಷಧಿ ಕೊಟ್ಟಾದ ಮೇಲೆ ಮನೆಯ ತಾಯಿ, "ಡಾಕ್ಟರ್ ಸಾಹೇಬ್ರ, ನಮ್ಮ ಹುಡುಗನೂ ಮೂರು ದಿನದಿಂದ ಸರಿಯಾಗಿ ಊಟ ಮಾಡವಲ್ಲರಿ" ಎಂದರು. ಒಂಬತ್ತನೇ ತರಗತಿಯ ಹುಡುಗ. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟ. ಮೊಬೈಲಿನಲ್ಲಿ ಹುಡುಗಿಯ ಹೆಸರಿನಿಂದ ಪರಿಚಯ ಮಾಡಿಕೊಂಡ ಯಾರೋ ಅವನಿಂದ ಕೆಟ್ಟ ಫೋಟೋ ತರಿಸಿಕೊಂಡು, ಹಣ ಹಾಕದಿದ್ದರೆ ಬಂಧುಬಳಗಕ್ಕೆಲ್ಲ ಕಳಿಸುವುದಾಗಿ ಹೆದರಿಸಿದ್ದರು. ತಂದೆಯ ಪಿನ್ ಇವನಿಗೆ ಗೊತ್ತಿತ್ತು. ಖಾತೆಗೆ ಜಮೆಯಾಗಿದ್ದ ಹಾಲಿನ ಬಟವಾಡೆಯಿಂದ ಎರಡು ಸಲ ಹಣ ಕಳಿಸಿದ್ದ. ಮೂರನೇ ಸಲ ಕೇಳಿದಾಗ ಖಾತೆ ಬರಿದಾಗಿತ್ತು. ಮೊದಲೇ ಯಾಕೆ ಹೇಳಲಿಲ್ಲವೆಂದರೆ, "ಅಪ್ಪ ಹೊಡೀತಾನ್ರಿ" ಎಂದ. (ತಂದೆಯವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ.)

ಹೆದರಿಸುವವನು ನಂಬಿಕೊಂಡಿರುವುದು ಮಗುವಿನ ಈ ಭಯವನ್ನೇ. ಕೆಚ್ಚಲು ಬಾವನ್ನು ಮೊದಲ ದಿನವೇ ತಿಳಿಸಿದರೆ ಹಾಲು ಉಳಿಯುತ್ತದೆ, ನಾಲ್ಕು ದಿನ ಸುಮ್ಮನಿದ್ದರೆ ಮೊಲೆಯೇ ಕೆಡುತ್ತದೆ. ಇಲ್ಲಿಯೂ ಅಷ್ಟೇ. "ಏನೇ ಆಗಿದ್ದರೂ ನನಗೆ ಹೇಳು, ಹೊಡೆಯುವುದಿಲ್ಲ" ಎಂದು ಮಕ್ಕಳಿಗೆ ಇಂದೇ ಮಾತು ಕೊಡಿರಿ. ಅವರು ಹೇಳಿದ ದಿನ ಆ ಮಾತನ್ನು ಉಳಿಸಿಕೊಳ್ಳಿರಿ. ನಿಜವಾಗಿ ಕಷ್ಟವಾಗುವುದು ಈ ಎರಡನೆಯದು.

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಸಾಲ ಮಾಡಿ ಮೊಬೈಲು ಕೊಡಿಸಿದವರು ನಮ್ಮಲ್ಲಿ ಇದ್ದಾರೆ. ಶಾಲೆಗಳು ತೆರೆದವು, ಮೊಬೈಲು ಮಕ್ಕಳ ಕೈಯಲ್ಲೇ ಉಳಿಯಿತು. ದೇವದುರ್ಗದ ಕಡೆ ತಂದೆತಾಯಿ ಬೆಂಗಳೂರಿಗೆ ಗುಳೆ ಹೋದ ಮನೆಗಳಲ್ಲಿ ಅಜ್ಜಿ, ಎಮ್ಮೆ, ಮಕ್ಕಳು ಮತ್ತು ಒಂದು ಮೊಬೈಲು. ಅಜ್ಜಿಗೆ ಅದರಲ್ಲಿ ಏನು ನಡೆದಿದೆಯೆಂದು ತಿಳಿಯುವುದಿಲ್ಲ. ಗುಳೆ ಹೋದವರು ಸಂಜೆ ಫೋನ್ ಮಾಡಿದಾಗ ಎಮ್ಮೆ ಎಷ್ಟು ಹಾಲು ಕೊಟ್ಟಿತೆಂದು ಕೇಳುವುದರ ಜೊತೆಗೆ, ಮೊಬೈಲಿನಲ್ಲಿ ಹೊಸಬರು ಯಾರಾದರೂ ಮಾತನಾಡಿಸಿದರೇ ಎಂದೂ ಮಕ್ಕಳನ್ನು ಕೇಳಬೇಕು.

ಅಪರಿಚಿತರ ಭಯ ನಮಗೆ ಕಡಿಮೆಯೇನಿಲ್ಲ. 2018ರ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ವಾಟ್ಸಪ್ಪಿನಲ್ಲಿ ಬಂದ ಮಕ್ಕಳ ಕಳ್ಳರ ಸುಳ್ಳು ಸುದ್ದಿಯನ್ನು ನಂಬಿದ ಜನ, ಹೈದರಾಬಾದಿನ ಒಬ್ಬ ನಿರಪರಾಧಿ ಯುವಕನನ್ನು ಹೊಡೆದು ಕೊಂದರು. ಆ ಗುಂಪಿನವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಸಂಶಯಕ್ಕೆ ಕಾರಣವಾಗಿತ್ತು. ದಾರಿಯಲ್ಲಿ ಬಂದವರನ್ನು ಇಷ್ಟು ಸಂಶಯಿಸುವ ನಾವು, ಮಗುವಿನ ಹಾಸಿಗೆಯವರೆಗೆ ಬರುವ ಅಪರಿಚಿತನನ್ನು ನೋಡುವುದೇ ಇಲ್ಲ.

ಆದಕಾರಣ ರಾತ್ರಿ ಮೊಬೈಲು ಪಡಸಾಲೆಯಲ್ಲಿ, ಹಿರಿಯರ ಹತ್ತಿರ ಇರಲಿ. ಬಟವಾಡೆ ಬರುವ ಖಾತೆಯ ಪಿನ್ ಮಕ್ಕಳಿಗೆ ಗೊತ್ತಿದ್ದರೆ ಬದಲಿಸಿರಿ. 13 ವರ್ಷ ತುಂಬದವರಿಗೆ ಇನ್‌ಸ್ಟಾಗ್ರಾಂ ಖಾತೆ ಬೇಡ, ಆ ಕಂಪನಿಯ ನಿಯಮವೂ ಅದೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರಲ್ಲಿ ಸಂಸತ್ತು ಅಂಗೀಕರಿಸಿದೆ. ಯಾರಾದರೂ ಅಂಥ ಆಟದ ಆಸೆ ತೋರಿಸಿದರೆ ಅದು ಮೋಸವೆಂದೇ ತಿಳಿಯಿರಿ.

ಇಷ್ಟಾಗಿಯೂ ತೊಂದರೆ ಬಂದರೆ ಹಣ ಕಳಿಸಬೇಡಿರಿ, ಒಮ್ಮೆ ಕಳಿಸಿದರೆ ಮತ್ತೆ ಕೇಳುತ್ತಾರೆ. ನಾಚಿಕೆಯಿಂದ ಸಂದೇಶಗಳನ್ನು ಅಳಿಸಬೇಡಿರಿ, ಅವೇ ಸಾಕ್ಷಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿರಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲಿ ತಡೆಹಿಡಿಯುವ ಅವಕಾಶ ಹೆಚ್ಚು. ಮಕ್ಕಳ ಸಹಾಯವಾಣಿ 1098. ರಾಯಚೂರು ನಗರದಲ್ಲಿ ಇಂಥ ಅಪರಾಧಗಳಿಗೆಂದೇ ಸಿ.ಇ.ಎನ್. ಪೊಲೀಸ್ ಠಾಣೆ ಇದೆ. ಮರ್ಯಾದೆಗೆ ಅಂಜಬೇಕಾಗಿಲ್ಲ: 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಅನ್ವಯಿಸುತ್ತದೆ, ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ.

ಮಾನ್ವಿಯ ಆ ತಂದೆ ಮಗನನ್ನು ಹೊಡೆಯಲಿಲ್ಲ, ದೂರು ಕೊಡಲು ಜೊತೆಗೆ ಕರೆದುಕೊಂಡು ಹೋದರು. ಹುಡುಗ ಈಗ ಶಾಲೆಗೆ ಹೋಗುತ್ತಿದ್ದಾನೆ.

ಸಂಘಗಳ ಕಾರ್ಯದರ್ಶಿಗಳು ಹಾಲಿನ ದರದ ಫಲಕದ ಕೆಳಗೆ 1930 ಮತ್ತು 1098 ಈ ಎರಡು ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆಸಬೇಕೆಂದು ಕೋರುತ್ತೇನೆ.