ಬುರುಡೆಯಿಂದ ಸಿಲಿಂಡರಿನವರೆಗೆ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷೆಗೆ ಕಟ್ಟಿದ ಜಲಾಶಯದ ಸೈಫನ್‌ಗಳು ತಾವಾಗಿಯೇ ಕೆಲಸ ಮಾಡುತ್ತವೆ. ಒಳಗಿನ ಗಾಳಿ ಹೊರಬಿದ್ದರೆ ನೀರು ಧುಮುಕುತ್ತದೆ, ಗಾಳಿ ನುಗ್ಗಿದರೆ ನಿಲ್ಲುತ್ತದೆ. ಆ ಸೀಮೆಯ ಬಾವಿಯಲ್ಲಿ ಈಜು ಕಲಿತ ನನಗೆ ಗಾಳಿಯ ಇನ್ನೊಂದು ಗುಣ ಗೊತ್ತಾದದ್ದು ಸೋರೆಬುರುಡೆಯಿಂದ. ಅಪ್ಪ ಹಗ್ಗವನ್ನು ನೀರಿನಲ್ಲಿ ಅದ್ದಿ, ಎರಡು ಒಣಬುರುಡೆಗಳನ್ನು ನನ್ನ ಬೆನ್ನಿಗೆ ಬಿಗಿಯುತ್ತಿದ್ದ. ಬುರುಡೆ ಬೆನ್ನ ಮೇಲಿದ್ದಷ್ಟು ಹೊತ್ತು ಬೋರಲಾಗಿ ಕೈಕಾಲು ಬಡಿಯುತ್ತಿದ್ದೆ. ಗಂಟು ಸಡಿಲಿ ಎದೆಗೆ ಜಾರಿತೋ, ಅಂಗಾತ ಮಗುಚಿಕೊಳ್ಳುತ್ತಿದ್ದೆ.

ನೀರಿನಡಿ ಉಸಿರಾಡಲು ಒಯ್ಯುವ ಸ್ಕೂಬಾ ಸಿಲಿಂಡರನ್ನು ಹೊರುವ ಬಗೆ ಬದಲಾಗುತ್ತಾ ಬಂದದ್ದೂ ಇದೇ ತೊಡಕಿನಿಂದ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ಅಕ್ವಾಲಂಗ್ ಎಂಬ ಉಸಿರಾಟದ ಸಾಧನ ರೂಪಿಸಿದಾಗ ಬೆನ್ನಿಗೆ ಬರೀ ಪಟ್ಟಿಗಳಿದ್ದವು. ತೇಲುವುದು, ಮುಳುಗುವುದು ಉಸಿರಿಗೂ ಸೊಂಟದ ಸೀಸಕ್ಕೂ ಬಿಟ್ಟದ್ದು. 1960ರ ದಶಕದಲ್ಲಿ ಕೊರಳಿಗೆ ಹಾಕಿ ಎದೆಯ ಮೇಲೆ ಇಳಿಬಿಡುವ ಗಾಳಿಚೀಲ ಬಂತು. ಎಚ್ಚರ ತಪ್ಪಿದವನ ಮುಖವನ್ನೂ ಅದು ನೀರಿನ ಮೇಲೆ ಹಿಡಿಯುತ್ತಿತ್ತು. ಆದರೆ ಭಾರ ಬೆನ್ನಿಗೆ, ಗಾಳಿ ಎದೆಗೆ; ಆಳದಲ್ಲಿ ಮೈ ಬೋರಲಾಗಿ ನಿಲ್ಲುತ್ತಿರಲಿಲ್ಲ. 1971ರಲ್ಲಿ ಸ್ಕೂಬಾಪ್ರೊ ಕಂಪನಿ ಪಟ್ಟಿ, ಚೀಲ ಎರಡನ್ನೂ ಸೇರಿಸಿ ಜಾಕೆಟ್ ಮಾಡಿತು. ಫ್ಲಾರಿಡಾದ ಗುಹೆಗಳಲ್ಲಿ ಮುಳುಗುವವರು ಲೋಹದ ಹಲಗೆಯನ್ನೂ ಬೆನ್ನ ಹಿಂದಷ್ಟೇ ಉಬ್ಬುವ 'ವಿಂಗ್' ಅನ್ನೂ ಹಿಡಿದುಕೊಂಡರು. ಇಂಗ್ಲೆಂಡಿನ ಇಕ್ಕಟ್ಟಾದ ಗುಹೆಗಳಲ್ಲಿ ತೂರಬೇಕಾದವರು ಸಿಲಿಂಡರನ್ನು ಪಕ್ಕೆಗೇ ಕಟ್ಟಿಕೊಂಡರು.

ನೇತ್ರಾಣಿ ದ್ವೀಪಕ್ಕೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ಹೊಸಬರಿಗೆ ಜಾಕೆಟ್ಟೇ ಸಾಕು, ಮೇಲೆ ಬಂದಾಗ ಅದು ನೆಟ್ಟಗೆ ತೇಲಿಸುತ್ತದೆ. ಮತ್ತೆ ಮತ್ತೆ ಮುಳುಗುವ ಹುಚ್ಚಿದ್ದರೆ ವಿಂಗ್ ಒಳ್ಳೆಯದು. ಆಳದಲ್ಲಿ ಮೈ ಬುರುಡೆ ಕಟ್ಟಿದ ಹುಡುಗನ ಹಾಗೆ ಬೋರಲಾಗಿ ನಿಲ್ಲುತ್ತದೆ, ಮೇಲೆ ಬಂದಾಗ ಮಾತ್ರ ಮುಖವನ್ನು ಮುಂದಕ್ಕೆ ತಳ್ಳುತ್ತದೆ. ಬೆನ್ನುನೋವಿನವರು ಪಕ್ಕೆಗೆ ಕಟ್ಟುವುದನ್ನು ಕಲಿಯಲಿ, ಸಿಲಿಂಡರನ್ನು ನೀರಿಗಿಳಿದ ಮೇಲೂ ಸಿಕ್ಕಿಸಿಕೊಳ್ಳಬಹುದು. ಯಾವುದಾದರೂ ಮೈಗೆ ಹೊಂದಬೇಕು. ಸುಮಾರು 11 ಲೀಟರಿನ ಅಲ್ಯೂಮಿನಿಯಂ ಸಿಲಿಂಡರಿನಲ್ಲಿ 200 ಬಾರ್ ಒತ್ತಡದಲ್ಲಿ ತುಂಬಿದ ಗಾಳಿಯೇ ಎರಡು ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಉಸಿರಾಡಿ ಮುಗಿಸುವ ಹೊತ್ತಿಗೆ ಸಿಲಿಂಡರ್ ತೇಲಲು ನೋಡುತ್ತದೆ, ಸಡಿಲ ಜಾಕೆಟ್ ಬೆನ್ನ ಮೇಲೆ ಹೊರಳಾಡುತ್ತದೆ.

ನೇತ್ರಾಣಿಗೆ ಹೊರಟ ದೋಣಿಯಲ್ಲಿ ನನ್ನ ಸಿಲಿಂಡರ್ ಸಜ್ಜು ಮಾಡುತ್ತಿದ್ದ ಹುಡುಗ ಮೊದಲು ಪಟ್ಟಿಯನ್ನು ನೀರಿನಲ್ಲಿ ನೆನೆಸಿದ. "ಒಣಗಿದ್ದಾಗ ಬಿಗಿದ್ರೆ ಒಳಗೆ ಹೋದ್ಮೇಲೆ ಜಾರುತ್ತೆ ಸಾರ್" ಅಂದ. ಆಮೇಲೆ ಬಿಗಿದು, ಜಾಕೆಟ್ಟಿನ ಹಿಡಿ ಹಿಡಿದು ಎತ್ತಿ ಎರಡು ಸಲ ಕುಲುಕಿ ನೋಡಿದ.