ಹವಳಕ್ಕೆ ಮಿತಾಹಾರ ಸರಿ, ಉಪವಾಸ ಸಲ್ಲ

ಶಿರೂರಿನ ಓದುಗರೊಬ್ಬರು ದುಬೈಯಿಂದ ಪತ್ರ ಬರೆದಿದ್ದಾರೆ. ಅಲ್ಲಿ ಅವರ ಫ್ಲ್ಯಾಟಿನಲ್ಲಿ ಉಪ್ಪುನೀರಿನ ಅಕ್ವೇರಿಯಂ ಇದೆಯಂತೆ, ಅದರಲ್ಲಿ ಜೀವಂತ ಹವಳಗಳನ್ನು ಸಾಕಿದ್ದಾರಂತೆ. 'ನೀರು ಕನ್ನಡಿಯ ಹಾಗಿದೆ. ಟೆಸ್ಟ್ ಕಿಟ್ಟಿನಲ್ಲಿ ನೋಡಿದರೆ ನೈಟ್ರೇಟೂ ಸೊನ್ನೆ, ಫಾಸ್ಫೇಟೂ ಸೊನ್ನೆ. ಹಾಗಿದ್ದೂ ಹವಳಗಳು ಬಿಳಿಚಿಕೊಳ್ಳುತ್ತಿವೆ, ಯಾಕೆ?' ಎಂಬುದು ಅವರ ಪ್ರಶ್ನೆ. ಬಾಲಂಗೋಚಿಯಾಗಿ ಇನ್ನೊಂದು: ಊರಿಗೆ ಮರಳಿದ ಮೇಲೆ ಮನೆಯೆದುರಿನ ಕಡಲ ನೀರನ್ನೇ ತುಂಬಿ ಈ ಹವ್ಯಾಸ ಮುಂದುವರಿಸಬಹುದೇ?

ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ. ಮೊದಲ ಪ್ರಶ್ನೆಯ ಅರ್ಧ ಉತ್ತರ ಶಿರೂರಿನ ಕಡಲಿನಲ್ಲೇ ಇದೆ.

ನಮ್ಮ ಕರಾವಳಿಯ ನೀರು ಉಂಡು ತೇಗಿದ ನೀರು. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ಆಳದ ತಣ್ಣೀರು ದಡದ ಕಡೆಗೆ ಉಕ್ಕಿ ಮೇಲೇರುತ್ತದೆ. ತಳದಲ್ಲಿ ಕೊಳೆತು ಕರಗಿದ್ದ ನೈಟ್ರೇಟ್, ಫಾಸ್ಫೇಟುಗಳೆಲ್ಲ ಅದರ ಜೊತೆ ಬಿಸಿಲಿಗೆ ಬರುತ್ತವೆ. ಘಟ್ಟದಿಂದಿಳಿದ ಹೊಳೆಗಳು ತಮ್ಮ ಪಾಲಿನ ಮಣ್ಣನ್ನೂ ಸಾರವನ್ನೂ ಸುರಿಯುತ್ತವೆ. ಸೂಕ್ಷ್ಮ ಪಾಚಿಗಳಿಗೆ ಸುಗ್ಗಿ. ಅವನ್ನು ನೆಚ್ಚಿ ಬೂತಾಯಿ ಬರುತ್ತದೆ, ಬಂಗುಡೆ ಬರುತ್ತದೆ. ಬಲೆ ತುಂಬಿಸುವ ಈ ಹಸಿರು ನೀರೇ ಹವಳಕ್ಕೆ ಕಂಟಕ. ಬೆಳಕು ಕೆಳಗಿಳಿಯುವುದಿಲ್ಲ, ಕೆಸರು ಮೈಮೇಲೆ ಕೂರುತ್ತದೆ, ಬಂಡೆಯ ಮೇಲಿನ ಜಾಗವನ್ನು ಪಾಚಿ ಮೊದಲೇ ಹಿಡಿದಿರುತ್ತದೆ.

ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಒಂದು ಸಂಗತಿ ಇಂದಿನ ತಲೆಮಾರಿಗೆ ಗೊತ್ತಿರಲಿಕ್ಕಿಲ್ಲ. ಲಕ್ಷದ್ವೀಪ ಸಮೂಹದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರಾ ದ್ವೀಪಗಳು 1956ರವರೆಗೆ ಮಂಗಳೂರಿನ ಕಲೆಕ್ಟರರ ಆಡಳಿತಕ್ಕೆ ಸೇರಿದ್ದವು. ಅಂದರೆ ಶಿರೂರೂ ಅಮಿನಿಯೂ ಒಂದೇ ಜಿಲ್ಲೆ! ಒಂದೇ ಜಿಲ್ಲೆಯ ಎರಡು ಕಡಲುಗಳನ್ನು ನೋಡಿ. ಈ ಕಡೆ ಮೀನು ತುಂಬಿದ ಹಸಿರು ನೀರು, ಹವಳದ ದಿಬ್ಬವೇ ಇಲ್ಲ. ಆ ಕಡೆ ಕಾಲ ಬೆರಳು ಕಾಣುವಷ್ಟು ತಿಳಿಯಾದ ನೀಲಿ ನೀರು, ಇಡೀ ದ್ವೀಪವನ್ನೇ ಹವಳಗಳು ಕಟ್ಟಿವೆ. ನಡುವೆ ನಮಗೊಂದು ಸಮಾಧಾನವಿದೆ: ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ. ದಡದ ಕೆಸರಿನಿಂದ ಅಷ್ಟು ದೂರ ನಿಂತಿರುವುದರಿಂದ ಅದರ ಬಂಡೆಗಳ ಮೇಲೆ ಹವಳಗಳು ಅಂಟಿಕೊಂಡು ಬೆಳೆದಿವೆ. ದಿಬ್ಬ ಕಟ್ಟುವ ಮಟ್ಟಕ್ಕೆ ಅವು ಹೋಗಿಲ್ಲ.

ನೀಲಿ ನೀರು ಎಂದರೆ ಬಡ ನೀರು. ಕಡಲಿಗೆ ಹಸಿರು ಬಣ್ಣ ಕೊಡುವುದು ಪಾಚಿ. ಅದು ಬೆಳೆಯಲು ಗೊಬ್ಬರವಿಲ್ಲದ ಕಡೆ ನೀಲಿ ಉಳಿಯುತ್ತದೆ. ಪ್ರವಾಸಿಗರು ಫೋಟೊ ತೆಗೆದು ಸುಸ್ತಾಗುವ ಆ ನೀಲಿ, ಮೀನುಗಾರನ ಕಣ್ಣಿಗೆ ಬಹುಪಾಲು ಬಂಜರು. ಇಂಥ ಬಂಜರಿನ ನಡುವೆ ಇಷ್ಟೊಂದು ಜೀವರಾಶಿಯ ಹವಳದ ದಿಬ್ಬ ಎದ್ದು ನಿಲ್ಲುವುದು ಹೇಗೆ? ಹವಳದ ದ್ವೀಪಗಳ ಬಗ್ಗೆ 1842ರಲ್ಲೇ ಪುಸ್ತಕ ಬರೆದ ಚಾರ್ಲ್ಸ್ ಡಾರ್ವಿನ್ ಹೆಸರಿನಲ್ಲೇ ಈ ಒಗಟನ್ನು ವಿಜ್ಞಾನಿಗಳು ಇಂದಿಗೂ ಕರೆಯುತ್ತಾರೆ.

ಒಗಟಿನ ಮೊದಲ ಸುಳಿವು ಶಾಲೆಯ ಪುಸ್ತಕದಲ್ಲೇ ಸಿಗುತ್ತದೆ. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತು ಲಕ್ಷದ ಆಸುಪಾಸಿನಲ್ಲಿ ಏಕಕೋಶ ಪಾಚಿಗಳು ವಾಸವಾಗಿವೆ. ಅವು ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಬಾಡಿಗೆಯಾಗಿ ಕೊಡುತ್ತವೆ, ಹವಳ ವಿಸರ್ಜಿಸುವ ಅಮೋನಿಯಾವನ್ನು ಮರಳಿ ಹೀರುತ್ತವೆ. ಇಲ್ಲಿಗೆ ಕಥೆ ಮುಗಿಯಿತು ಎಂದೇ ಬಹುಕಾಲ ಅಂದುಕೊಂಡಿದ್ದೆವು. ಆದರೆ ಬರೀ ಸಕ್ಕರೆ ತಿಂದು ಯಾರೂ ಮೈ ಬೆಳೆಸಲಾರರು. ಮಾಂಸಕ್ಕೆ ಸಾರಜನಕ ಬೇಕು, ರಂಜಕ ಬೇಕು. ಅದನ್ನು ಹವಳ ಎಲ್ಲಿಂದ ತರುತ್ತದೆ?

2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಉತ್ತರ ಓದಿ ನಾನು ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಓಡಾಡಿದೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಯೋರ್ಗ್ ವೀಡನ್‌ಮನ್ ಮತ್ತು ಸಂಗಡಿಗರು ಹವಳಗಳನ್ನು ತೊಟ್ಟಿಗಳಲ್ಲಿ ಬೆಳೆಸಿದರು. ತಿನ್ನಲು ಹುಳು, ಮೊಟ್ಟೆ, ಪುಡಿ ಏನನ್ನೂ ಹಾಕಲಿಲ್ಲ. ಒಂದು ಗುಂಪಿಗೆ ನೀರಿನಲ್ಲಿ ಕರಗಿದ ನೈಟ್ರೇಟ್, ಫಾಸ್ಫೇಟ್ ಮಾತ್ರ ಸಿಗುತ್ತಿತ್ತು; ಇನ್ನೊಂದಕ್ಕೆ ಅದೂ ಅಷ್ಟಕ್ಕಷ್ಟೆ. ಕರಗಿದ ಲವಣವನ್ನು ಪ್ರಾಣಿ ನೇರವಾಗಿ ಮಾಂಸ ಮಾಡಿಕೊಳ್ಳಲಾರದು, ನಿಜ. ಆದರೂ ಮೊದಲ ಗುಂಪು ಸೊಗಸಾಗಿ ಬೆಳೆಯಿತು, ಎರಡನೆಯದರ ಬೆಳವಣಿಗೆ ನಿಂತೇ ಹೋಯಿತು. ಹವಳ ತನ್ನೊಳಗಿನ ಪಾಚಿಗಳ ಒಂದು ಪಾಲನ್ನು ಜೀರ್ಣಿಸಿಕೊಳ್ಳುತ್ತಿತ್ತು!

ನಮ್ಮ ಹಿತ್ತಲಿನ ಬಸಳೆ ಚಪ್ಪರವನ್ನು ನೆನೆಯಿರಿ. ಗೊಬ್ಬರವನ್ನು ನಾವು ತಿನ್ನಲಾರೆವು. ಬುಡಕ್ಕೆ ಹಾಕುತ್ತೇವೆ, ಬಳ್ಳಿ ಹಬ್ಬುತ್ತದೆ, ಕುಡಿ ಚಿವುಟಿ ಸಾರು ಮಾಡುತ್ತೇವೆ. ಬಳ್ಳಿ ಮತ್ತೆ ಚಿಗುರುತ್ತದೆ. ಹವಳ ಮಾಡುವುದೂ ಇದನ್ನೇ, ಆದರೆ ಅದರ ಚಪ್ಪರ ಇರುವುದು ಹೊಟ್ಟೆಯೊಳಗೆ.

ಇದು ಬರೀ ತೊಟ್ಟಿಯ ಆಟವಲ್ಲ ಎಂಬುದಕ್ಕೂ ಅವರು ಸಾಕ್ಷಿ ಹುಡುಕಿದರು. ಹಿಂದೂ ಮಹಾಸಾಗರದ ಚಾಗೋಸ್ ದ್ವೀಪಗಳಲ್ಲಿ ಕೆಲವು ಕಡೆ ಕಡಲಹಕ್ಕಿಗಳ ಸಂತೆ ನೆರೆದಿರುತ್ತದೆ. ಇನ್ನು ಕೆಲವು ಕಡೆ ಹಡಗಿನಿಂದಿಳಿದ ಇಲಿಗಳು ಅವುಗಳ ಮೊಟ್ಟೆ ಮರಿಗಳನ್ನು ತಿಂದು ಸಂತೆ ಎಬ್ಬಿಸಿಬಿಟ್ಟಿವೆ. ಹಕ್ಕಿಗಳಿರುವ ದ್ವೀಪದ ಹಿಕ್ಕೆ ಮಳೆಯಲ್ಲಿ ತೊಳೆದು ಕಡಲಿಗಿಳಿಯುತ್ತದೆ. ಅಂಥ ದ್ವೀಪಗಳ ಬದಿಯ ಹವಳಗಳು, ಇಲಿ ದ್ವೀಪಗಳ ಹವಳಗಳಿಗಿಂತ ಬೇಗ ಬೆಳೆದಿದ್ದವು. ಹಕ್ಕಿಯ ಹಿಕ್ಕೆ ಹವಳಕ್ಕೆ ಹಿಡಿಗೊಬ್ಬರ.

ಹವಳದ ಮಾತು ಬಂದ ಮೇಲೆ ಹವಳದ ಉಂಗುರವನ್ನು ಬಿಟ್ಟು ಮುಂದೆ ಹೋಗಲಾರೆ. ಕುಜದೋಷಕ್ಕೆಂದು ಮಂಗಳವಾರ ಬೆರಳಿಗೇರುವ ಕೆಂಪು ಹವಳಕ್ಕೂ ದಿಬ್ಬ ಕಟ್ಟುವ ಹವಳಕ್ಕೂ ದೂರದ ನೆಂಟಸ್ತಿಕೆ ಮಾತ್ರ. ಮೆಡಿಟರೇನಿಯನ್ ಸಮುದ್ರದ ಕತ್ತಲೆ ಗವಿಗಳಲ್ಲಿ ಬೆಳೆಯುವ ಅದರ ಮೈಯಲ್ಲಿ ಪಾಚಿಯ ಕೃಷಿಯಿಲ್ಲ. ವರ್ಷಕ್ಕೆ ಒಂದು ಮಿಲಿಮೀಟರೂ ದಪ್ಪವಾಗದ ಜೀವಿಯದು. ಅಂಥದ್ದನ್ನು ಕಿತ್ತು, ಕೊರೆದು, ಪಾಲಿಶ್ ಮಾಡಿ, ಮಗಳ ಮದುವೆ ತಡವಾಯಿತೆಂದು ಸಾಲ ಮಾಡಿಯಾದರೂ ಕೊಳ್ಳುತ್ತೇವೆ. ಅದು ಕ್ಯಾಲ್ಸಿಯಂ ಕಾರ್ಬೋನೇಟ್ ಸ್ವಾಮಿ! ಶಿರೂರಿನ ಮರಳಿನಲ್ಲಿ ಬಿಟ್ಟಿ ಸಿಗುವ ಚಿಪ್ಪಿನಲ್ಲೂ ಇರುವುದು ಅದೇ. ಕೋಟಿಗಟ್ಟಲೆ ಕಿಲೋಮೀಟರ್ ಆಚೆಯ ಮಂಗಳಗ್ರಹಕ್ಕೆ ಈ ಸುಣ್ಣದ ಚೂರಿನಿಂದ ಸಮಾಧಾನವಾಗುತ್ತದೆ ಎಂದು ನಂಬುವವರು, ಚಿಪ್ಪಿನ ಉಂಗುರವನ್ನೇ ಹಾಕಿಕೊಂಡು ದುಡ್ಡು ಉಳಿಸಬಾರದೇಕೆ?

ಇರಲಿ, ದುಬೈಯ ತೊಟ್ಟಿಗೆ ಬರೋಣ. ಮೀನಿಗೆ ತಿಂಡಿ ಹಾಕಿದಂತೆಲ್ಲ ಗಾಜಿನ ಪೆಟ್ಟಿಗೆ ಶಿರೂರಿನ ಕಡಲಾಗಲು ಹವಣಿಸುತ್ತದೆ. ಅದನ್ನು ಅಮಿನಿಯ ಕಡೆ ಎಳೆದು ಹಿಡಿಯುವುದೇ ಸಾಕುವವರ ಕಸರತ್ತು. ಪ್ರೋಟೀನ್ ಸ್ಕಿಮ್ಮರ್ ಎಂಬ ಯಂತ್ರ ನೀರಿನಲ್ಲಿ ಸಣ್ಣ ಗುಳ್ಳೆಗಳನ್ನೆಬ್ಬಿಸಿ, ಅವಕ್ಕೆ ಅಂಟಿದ ಕೊಳೆಯನ್ನು ನೊರೆಯ ರೂಪದಲ್ಲಿ ಹೊರಹಾಕುತ್ತದೆ. ಆಷಾಢದಲ್ಲಿ ನಮ್ಮ ದಂಡೆಯ ಮೇಲೆ ಮೊಣಕಾಲೆತ್ತರ ಬಂದು ಬೀಳುವ ಕಂದು ನೊರೆಯನ್ನು ನೋಡಿದ್ದೇನೆ. ಅಲೆಗಳು ಕಡಲ ಸಾವಯವ ಪದಾರ್ಥವನ್ನು ಕಡೆದು ಎತ್ತಿದ ಆ ನೊರೆಗೂ ಈ ಯಂತ್ರದ ನೊರೆಗೂ ತತ್ತ್ವ ಒಂದೇ. ತೊಟ್ಟಿಯಲ್ಲಿಟ್ಟ ರಂಧ್ರಮಯ ಕಲ್ಲುಗಳೊಳಗೆ, ಆಮ್ಲಜನಕ ಮುಟ್ಟದ ಸಂದುಗಳಲ್ಲಿ, ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕದ ಅನಿಲವಾಗಿಸಿ ಹಾರಿಬಿಡುತ್ತವೆ. ಹೊರದೇಶದ ಹವ್ಯಾಸಿಗಳು ಇನ್ನೊಂದು ಉಪಾಯ ಮಾಡುತ್ತಾರೆ, ನಗಬೇಡಿ: ತೊಟ್ಟಿಗೆ ದಿನಕ್ಕಿಷ್ಟು ಹನಿ ವೋಡ್ಕಾ ಹಾಕುತ್ತಾರೆ. ಅದನ್ನು ಕುಡಿದ ಬ್ಯಾಕ್ಟೀರಿಯಾಗಳು ಹೆಚ್ಚುತ್ತ ನೈಟ್ರೇಟನ್ನೂ ಫಾಸ್ಫೇಟನ್ನೂ ಮೈಗೂಡಿಸಿಕೊಳ್ಳುತ್ತವೆ, ಆಮೇಲೆ ನೊರೆಯ ಜೊತೆ ಹೊರಬೀಳುತ್ತವೆ. ವೋಡ್ಕಾ ಒಲ್ಲದವರಿಗೆ ವಿನೆಗರ್ ಇದೆ, ಕೆಲಸ ಅದೇ.

ಈ ಉಪಕರಣಗಳ ಅತಿ ಉತ್ಸಾಹವೇ ನಮ್ಮ ಓದುಗರ ಹವಳಗಳಿಗೆ ಮುಳುವಾಗಿರುವ ಹಾಗಿದೆ. 'ಸೊನ್ನೆ' ಎಂಬುದು ಶುದ್ಧಿಯ ಶಿಖರವೆಂದು ಭಾವಿಸಿ ಅವರು ಚಪ್ಪರದ ಗೊಬ್ಬರವನ್ನೇ ನಿಲ್ಲಿಸಿದ್ದಾರೆ. ಪಾಚಿಗಳು ಕಡಿಮೆಯಾದವು, ಅವುಗಳ ಜೊತೆ ಹವಳದ ಬಣ್ಣವೂ ಮೈಯೂ ಇಳಿದವು. ಹಾಗಾದರೆ ನೈಜ ದಿಬ್ಬದ ನೀರಿನಲ್ಲೂ ನೈಟ್ರೇಟ್, ಫಾಸ್ಫೇಟುಗಳು ತೀರ ಕಡಿಮೆಯಲ್ಲವೇ ಎಂದು ಕೇಳಬಹುದು. ಹೌದು, ಆದರೆ ಅಲ್ಲಿ ನೀರು ನಿಂತಿರುವುದಿಲ್ಲ. ಚಿಟಿಕೆಯಷ್ಟೇ ಇದ್ದರೂ ಹಗಲಿರುಳು ಹರಿದು ಬರುತ್ತಲೇ ಇರುತ್ತದೆ, ಜೊತೆಗೆ ರಾತ್ರಿ ಬೇಟೆಗೆ ಪ್ಲವಕಗಳೂ ಸಿಗುತ್ತವೆ. ಗಾಜಿನ ಪೆಟ್ಟಿಗೆಯಲ್ಲಿ ಸೊನ್ನೆ ಎಂದರೆ ಸೊನ್ನೆಯೇ. ಎರಡೂ ಸೊನ್ನೆಗಿಳಿದ ತೊಟ್ಟಿಯಲ್ಲಿ ಡೈನೋಫ್ಲಾಜಲೇಟುಗಳೆಂಬ ಕಂದು ಲೋಳೆ ಹಬ್ಬುವ ಅಪಾಯ ಬೇರೆ.

ಇನ್ನೊಂದು ಎಚ್ಚರ. ಇದೇ ವೀಡನ್‌ಮನ್ ತಂಡ 2013ರಲ್ಲಿ ತೋರಿಸಿದ ಹಾಗೆ, ನೈಟ್ರೇಟ್ ಹೆಚ್ಚಿದ್ದು ಫಾಸ್ಫೇಟ್ ಇಲ್ಲವಾದರೆ ಹವಳ ಬಿಸಿಗೂ ಬೆಳಕಿಗೂ ಬೇಗ ಸೋತು ಬಿಳಿಚುತ್ತದೆ. ಆದ್ದರಿಂದ ಒಂದನ್ನು ಮಾತ್ರ ತೆಗೆಯುವ ರಾಸಾಯನಿಕ ಹಾಕುವಾಗ ಕೈ ಹಿಡಿತದಲ್ಲಿರಲಿ. ಅನುಭವಿ ಹವ್ಯಾಸಿಗಳು ಲೀಟರಿಗೆ ನೈಟ್ರೇಟ್ 2ರಿಂದ 10 ಮಿ.ಗ್ರಾಂ., ಫಾಸ್ಫೇಟ್ 0.03ರಿಂದ 0.1 ಮಿ.ಗ್ರಾಂ. ಇಟ್ಟುಕೊಳ್ಳುತ್ತಾರೆ. ಮೀನಿಗೆ ತಿಂಡಿ ತುಸು ಹೆಚ್ಚಿಸಿ, ವಿನೆಗರ್ ಹಾಕುತ್ತಿದ್ದರೆ ಹಂತಹಂತವಾಗಿ ಇಳಿಸಿ. ಅವಸರ ಬೇಡ, ವಾರಗಟ್ಟಲೆ ಹಿಡಿಯುತ್ತದೆ. ವಿಪರೀತಕ್ಕೆ ಹೋದರೆ ಪಾಚಿ ಹೆಚ್ಚಿ ಹವಳ ಕಂದಾಗುತ್ತದೆ, ಆಗ ನಿಲ್ಲಿಸಿ.

ಊರಿಗೆ ಬರುವಾಗ ಮಾತ್ರ ಹವಳಗಳನ್ನು ಅಲ್ಲಿನ ಗೆಳೆಯರಿಗೆ ಒಪ್ಪಿಸಿ ಬನ್ನಿ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಕಲ್ಲುಹವಳ, ಕಪ್ಪುಹವಳ, ಬೆಂಕಿಹವಳ, ಕಡಲ ಬೀಸಣಿಗೆಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಇವೆ. ಹಿಡಿದರೆ, ಮಾರಿದರೆ ಕನಿಷ್ಠ 3 ವರ್ಷ ಜೈಲು, ಗರಿಷ್ಠ 7. ಶಿರೂರಿನಲ್ಲಿ ತೊಟ್ಟಿ ಇಡಲೇಬೇಕೆಂದರೆ ಹ್ಯಾಚರಿಯಲ್ಲಿ ಹುಟ್ಟಿದ ಕ್ಲೌನ್ ಫಿಶ್ ಸಾಕಿ. ಅವುಗಳ ಮರಿ ಮಾಡಿಸುವ ತಂತ್ರವನ್ನು ನಮ್ಮದೇ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದೆ, ಅವಕ್ಕೆ ಬಡ ನೀರಿನ ಹಟವೂ ಇಲ್ಲ. ಹವಳ ನೋಡುವ ಆಸೆಯಾದರೆ ಮಳೆಗಾಲ ಕಳೆದು ನೀರು ತಿಳಿಯಾದ ಮೇಲೆ ಮುರ್ಡೇಶ್ವರದಿಂದ ದೋಣಿ ಹತ್ತಿ. ನೇತ್ರಾಣಿಯಲ್ಲಿ ಮುಳುಗಿ ಕಣ್ತುಂಬ ನೋಡಿ, ಆದರೆ ಒಂದು ಚೂರನ್ನೂ ಮುರಿದು ತರಬೇಡಿ.