ಬಸ್ಸಿನ ಭಯಕ್ಕೆ ನೀರು ಬಿಟ್ಟಾಗ

ಪುಣೆಯಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸು ಹತ್ತುವ ಹೆಣ್ಣುಮಕ್ಕಳಿಗೆ ಒಂದು ಲೆಕ್ಕ ಚೆನ್ನಾಗಿ ಗೊತ್ತು: ಸಂಜೆ ನಾಲ್ಕರ ನಂತರ ನೀರು ಕುಡಿಯಬಾರದು. ಬಸ್ಸು ಎಲ್ಲಿ ನಿಲ್ಲುತ್ತದೋ, ನಿಂತಲ್ಲಿ ಶೌಚಾಲಯ ಹೇಗಿರುತ್ತದೋ ಯಾರು ಬಲ್ಲರು? ಹಿಂಜೆವಾಡಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆರು ವರ್ಷ ನಾನೂ ಇದೇ ಲೆಕ್ಕದಲ್ಲಿ ಊರಿಗೆ ಹೋಗಿ ಬಂದೆ.

ಕಳೆದ ಬೇಸಿಗೆಯಲ್ಲಿ ಧಾರವಾಡದಿಂದ ಮರಳಿದ ಮರುದಿನ ಮೂತ್ರಕ್ಕೆ ಹೋದರೆ ಉರಿ. ಹತ್ತು ನಿಮಿಷಕ್ಕೊಮ್ಮೆ ಓಡಬೇಕು, ಬರುವುದು ನಾಲ್ಕು ಹನಿ. ‘ಉಷ್ಣ ಆಗೇದ ನಿನಗ, ಬಾರ್ಲಿ ನೀರು ಕುಡಿಯವ್ವಾ’ ಎಂದಳು ಅವ್ವ ಫೋನಿನಲ್ಲಿ. ಕುಡಿದೆ. ಜತೆಗೆ ಮನೆಯಲ್ಲಿ ಉಳಿದಿದ್ದ ಹಳೆಯ ಆಂಟಿಬಯಾಟಿಕ್ ಮಾತ್ರೆ ಎರಡು ನುಂಗಿದೆ. ಮೂರನೇ ದಿನ ಚಳಿಜ್ವರ, ಬೆನ್ನಿನ ಒಂದು ಪಕ್ಕದಲ್ಲಿ ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಡಾಕ್ಟರ ಮುಂದೆ ನಾನು ದೂರಿದ್ದು ಬಾತ್‌ರೂಮಿನ ಜೆಟ್ ಸ್ಪ್ರೇಯನ್ನು. ಬಾಡಿಗೆ ಮನೆಯಲ್ಲಿ, ಆಫೀಸಿನಲ್ಲಿ ಎಲ್ಲೆಡೆ ಅದೇ. ಅದರಿಂದಲೇ ಸೋಂಕು ಎಂದು ಗೆಳತಿ ಹೇಳಿದ್ದಳು. ಡಾಕ್ಟರು ಮರಾಠಿಯಲ್ಲಿ ಕೇಳಿದ್ದು ಒಂದೇ: ‘ಪಾಣೀ ಕಿತೀ ಪಿತಾ?’ ನೀರು ಎಷ್ಟು ಕುಡಿಯುತ್ತೀರಿ? ನನ್ನ ಬಳಿ ಉತ್ತರವಿರಲಿಲ್ಲ.

ಈ ಸೋಂಕಿಗೆ ಹೆಚ್ಚಾಗಿ ಕಾರಣ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಬ್ಯಾಕ್ಟೀರಿಯಾ. ಮೂತ್ರ ಹೊರಬರುವ ನಾಳ ಗಂಡಸರಲ್ಲಿ ಸುಮಾರು 20 ಸೆಂ.ಮೀ., ಹೆಂಗಸರಲ್ಲಿ ಸುಮಾರು 4. ಹಾಗಾಗಿ ನಮ್ಮಲ್ಲಿ ರೋಗಾಣು ಮೂತ್ರಕೋಶ ತಲುಪುವುದು ಸುಲಭ. ನೀರು ಕುಡಿಯದೆ, ಗಂಟೆಗಟ್ಟಲೆ ತಡೆದುಕೊಂಡರೆ ಅದು ಹೊರಹೋಗುವುದಾದರೂ ಹೇಗೆ? 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಿದ್ದರು. ಅವರಲ್ಲಿ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ನೀರು ಕುಡಿದವರಿಗೆ ಒಂದು ವರ್ಷದಲ್ಲಿ ಬಂದ ಸೋಂಕು ಉಳಿದವರ ಅರ್ಧದಷ್ಟು ಮಾತ್ರ.

ಹಾಗಾದರೆ ಜೆಟ್? ನೀರು ಚಿಮ್ಮುವ ಟಾಯ್ಲೆಟ್ ಮನೆಮನೆಯಲ್ಲಿರುವ ಜಪಾನಿನಲ್ಲೂ ಇದೇ ಸಂಶಯವಿತ್ತು. 3 ವರ್ಷ ಜನರನ್ನು ಹಿಂಬಾಲಿಸಿದ ಸಮೀಕ್ಷೆಯಲ್ಲಿ, ಅದರಿಂದಲೇ ಮೂತ್ರದ ಸೋಂಕು ಬರುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಹಾಗೆಂದು ಜೆಟ್ ಸೋಂಕು ತಡೆಯುವ ಮದ್ದೂ ಅಲ್ಲ. ಒತ್ತಡ ಕಡಿಮೆ ಇರಲಿ, ನೀರು ಮುಂದಿನಿಂದ ಹಿಂದಕ್ಕೆ ಹರಿಯಲಿ. ಒಳಗೆ ಹಾಯಿಸುವುದು, ಸುಗಂಧದ ಸೋಪು ಹಚ್ಚುವುದು ಬೇಡ. ತೊಳೆದ ಮೇಲೆ ಒರೆಸಿಕೊಳ್ಳಿ. ಆಫೀಸಿನ ಜೆಟ್ಟನ್ನು ಎಲ್ಲರೂ ಮುಟ್ಟುತ್ತಾರೆ, ಕೈ ತೊಳೆಯುವುದನ್ನು ಮರೆಯಬೇಡಿ.

ಉರಿ ಕಂಡರೆ ನನ್ನಂತೆ ಹಳೆಯ ಮಾತ್ರೆ ಹುಡುಕಬೇಡಿ. ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ಯೂರಿನ್ ಕಲ್ಚರ್ ಮಾಡಿಸಿ. ಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಇದ್ದರೆ, ಗರ್ಭಿಣಿಯಾಗಿದ್ದರೆ ಒಂದು ದಿನವೂ ಕಾಯಬಾರದು.

ಪುಣೆಯಲ್ಲಿ 2016ರಿಂದ ಹಳೆಯ ಸಿಟಿ ಬಸ್ಸುಗಳನ್ನೇ ಮಹಿಳೆಯರ ಶೌಚಾಲಯವಾಗಿಸಿ ‘ತೀ’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ತೀ ಎಂದರೆ ಅವಳು. ಊರಿನ ದಾರಿಯಲ್ಲಿ ಅಂಥದ್ದೊಂದು ನನಗೆ ಕಂಡಿಲ್ಲ. ಆದರೂ ಈಗ ನೀರಿನ ಬಾಟಲಿ ತುಂಬಿಕೊಂಡೇ ಬಸ್ಸು ಹತ್ತುತ್ತೇನೆ. ಮೊದಲ ಸಲ ಎದ್ದು ಹೋಗಿ, ‘ಅಣ್ಣಾರ, ಪೆಟ್ರೋಲ್ ಬಂಕ್ ಕಂಡ್ರ ಗಾಡಿ ನಿಂದರಸ್ರಿ’ ಎಂದಾಗ ನಾಚಿಕೆಯಾಗಿತ್ತು. ಬಸ್ಸು ನಿಂತಿತು. ನನ್ನ ಹಿಂದೆ ಇನ್ನೂ ಐದು ಹೆಂಗಸರು ಇಳಿದರು.